ಸ್ವಂತ ಲಾರಿ ಓಡಿಸಿ ಬದುಕಬೇಕಾ? ನಿಂತ ಗಾಡಿಯ ಲೆಕ್ಕದಿಂದ ಶುರು ಮಾಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಸಂಬಳಕ್ಕೆ ಲಾರಿ ಓಡಿಸುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಎಷ್ಟು ದಿನ ಇನ್ನೊಬ್ಬರ ಗಾಡಿ ಓಡಿಸೋದು, ನಾನೇ ಒಂದು ಮಾಡಿಕೊಂಡರೆ ಹೇಗೆ ಅಂತ. ನನಗೂ ಬಂತು. ಒಂಬತ್ತು ವರ್ಷ ಸಾಹುಕಾರರ ಗಾಡಿ ಓಡಿಸಿದೆ. ಆಮೇಲೆ ಒಂದು ಗಾಡಿ ಲೀಸ್‌ಗೆ ತಗೊಂಡು ಕೈ ಸುಟ್ಟುಕೊಂಡೆ. ಈಗ ನನ್ನದೇ ಹೆಸರಿನಲ್ಲಿ ಹತ್ತು ಚಕ್ರದ ಲಾರಿ ಇದೆ, ಕಂತು ತಪ್ಪದೆ ಹೋಗುತ್ತಿದೆ, ಮನೆಯೂ ನಡೆಯುತ್ತಿದೆ. ಈ ದಾರಿಗೆ ಬರಬೇಕೆಂದಿರುವ ಹುಡುಗರು ನಾನು ಮಾಡಿದ ತಪ್ಪು ಮಾಡಬಾರದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಓಡುವ ಗಾಡಿಯ ಖರ್ಚು ಎಲ್ಲ ಡ್ರೈವರ್‌ಗೂ ಗೊತ್ತು. ನಿಂತ ಗಾಡಿಯ ಖರ್ಚು ಗೊತ್ತಿರುವುದು ಮಾಲೀಕನಿಗೆ ಮಾತ್ರ. ಆ ಲೆಕ್ಕ ಕಲಿತ ದಿನವೇ ನೀವು ಮಾಲೀಕರಾಗುವುದು, ಗಾಡಿ ತಗೊಂಡ ದಿನ ಅಲ್ಲ.

ಮೊದಲು ಲೈಸೆನ್ಸ್, ಅನುಭವ

ಇದು ಚಿಕ್ಕ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಹೆವಿ ಲೈಸೆನ್ಸ್ ಬೇಕಾದರೆ 20 ವರ್ಷ ತುಂಬಿರಬೇಕು, ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾದರೂ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಎನ್ನುವ ನಿಯಮವನ್ನು 2019ರಲ್ಲೇ ತೆಗೆದರು. ಲೈಸೆನ್ಸ್ 5 ವರ್ಷಕ್ಕೆ ಒಮ್ಮೆ ರಿನ್ಯೂವಲ್ ಮಾಡಿಸಬೇಕು. ಲೈಸೆನ್ಸ್ ಕೈಗೆ ಬಂತು ಅಂತ ನೇರ ಶೋರೂಮಿಗೆ ಹೋಗಬೇಡಿ. ಕಡಿಮೆ ಅಂದರೂ ಎರಡು ವರ್ಷ ಬೇರೆಯವರ ಗಾಡಿ ಓಡಿಸಿ. ಓಡಿಸುವಾಗಲೇ ಪ್ರತಿ ಟ್ರಿಪ್ಪಿನ ಡೀಸೆಲ್, ಟೋಲ್, ಬಾಡಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಸಾಹುಕಾರರ ದುಡ್ಡಿನಲ್ಲಿ ನೀವು ಕಲಿಯುವ ಪಾಠ ಅದು, ಪುಕ್ಕಟೆ ಸಿಗುತ್ತದೆ.

ಲೀಸ್‌ಗೆ ತಗೊಳ್ಳುವುದಾದರೆ

ನಮ್ಮ ಕಡೆ ಲೀಸ್ ಅಂದರೆ ಎರಡು ಥರ. ತಿಂಗಳಿಗೆ ಇಷ್ಟು ಅಂತ ಮಾಲೀಕರಿಗೆ ಕೊಟ್ಟು, ಡೀಸೆಲ್ಲು, ಲೋಡು ಎಲ್ಲ ನೀವೇ ನೋಡಿಕೊಳ್ಳುವುದು ಒಂದು. ಇದರಲ್ಲಿ ದೊಡ್ಡ ಅಪಾಯ ಇಲ್ಲ. ಒಪ್ಪಂದದಲ್ಲಿ ಟೈರು ಯಾರದು, ಇಂಜಿನ್ ಕೆಲಸ ಬಂದರೆ ಯಾರದು, ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ, ಗಾಡಿ ಗ್ಯಾರೇಜಿನಲ್ಲಿ ಹದಿನೈದು ದಿನ ನಿಂತರೆ ಆ ತಿಂಗಳ ಲೀಸ್ ದುಡ್ಡು ಕೊಡಬೇಕಾ ಬೇಡವಾ, ಇಷ್ಟನ್ನೂ ಬರೆಸಿಕೊಳ್ಳಿ. ಕೊನೆಯದನ್ನು ಯಾರೂ ಬರೆಸುವುದಿಲ್ಲ, ಜಗಳ ಬರುವುದು ಅಲ್ಲೇ.

ಎರಡನೆಯದು ‘ಉಳಿದ ಕಂತು ಕಟ್ಟಿಕೊಂಡು ಹೋಗು’ ಎನ್ನುವ ವ್ಯವಹಾರ. ನಾನು ಬಿದ್ದಿದ್ದು ಇದರಲ್ಲಿ. ಪರಿಚಯದವರೇ, ಅಣ್ಣಾ ಅಂತ ಕರೆಯುತ್ತಿದ್ದೆ. ಎರಡು ಲಕ್ಷ ಕೈಗೆ ಕೊಟ್ಟೆ. ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಂಡೆವು. ಕಂತು ಪೂರ್ತಿ ತೀರಿದ ಮೇಲೆ ಗಾಡಿ ನನ್ನ ಹೆಸರಿಗೆ ಅಂತ ಮಾತಾಯಿತು. ಹದಿನಾಲ್ಕು ತಿಂಗಳು ಒಂದು ದಿನ ತಡವಾಗದಂತೆ ಕಟ್ಟಿದೆ. ಒಂದು ಬೆಳಗ್ಗೆ ಟೋಲ್ ದಾಟಿ ಚಹಾಕ್ಕೆ ನಿಲ್ಲಿಸಿದ್ದಾಗ ಫೈನಾನ್ಸ್ ಕಡೆಯ ನಾಲ್ಕು ಜನ ಬಂದು ಕೀ ಕೇಳಿದರು. ನನಗೆ ಗಾಡಿ ಕೊಟ್ಟವರು ಅದೇ ಫೈನಾನ್ಸಿನಲ್ಲಿ ಇನ್ನೊಂದು ಗಾಡಿಗೆ ಸಾಲ ಮಾಡಿ ಕಟ್ಟಿರಲಿಲ್ಲ. ಎರಡೂ ಸಾಲ ಒಂದಕ್ಕೊಂದು ಜೋಡಿಸಿದ್ದರು. ನನ್ನ ಕಂತಿನ ರಸೀದಿಗಳನ್ನೆಲ್ಲ ತೋರಿಸಿದೆ. “ಆರ್‌ಸಿ ನಿಮ್ಮ ಹೆಸರಲ್ಲಿ ಇಲ್ವಲ್ಲ” ಅಂದರು. ಅಷ್ಟೇ. ಕ್ಯಾಬಿನ್ನಿನಿಂದ ನನ್ನ ಹಾಸಿಗೆ, ಸ್ಟವ್ವು, ದೇವರ ಫೋಟೊ ಇಳಿಸಿಕೊಂಡು ರಸ್ತೆ ಪಕ್ಕ ನಿಂತೆ.

ಹಾಗಾಗಿ ಕಂತಿನ ಗಾಡಿ ತಗೊಳ್ಳುವುದಾದರೆ ಫೈನಾನ್ಸ್ ಆಫೀಸಿಗೆ ಇಬ್ಬರೂ ಹೋಗಿ, ಸಾಲವನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಲು ಕೇಳಿ. ಅವರು ಒಪ್ಪದಿದ್ದರೆ ಆ ಗಾಡಿ ಬೇಡ. ಮಾರುವವರಿಗೂ ಇದು ಒಳ್ಳೆಯದೇ. ಮಾರಿದ ಮೇಲೂ ಆರ್‌ಸಿ ಬದಲಾಗಿಲ್ಲ ಅಂದರೆ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗೆ ಬಿಡಿಸಿ ಹೇಳಿದರೆ ತುಂಬಾ ಜನ ಒಪ್ಪುತ್ತಾರೆ.

ಹಳೆ ಗಾಡಿ ನೋಡುವ ಬಗೆ

ಮೊದಲ ಗಾಡಿ ಹೊಸದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊಸ ಗಾಡಿಯ ಕಂತು ಒಬ್ಬ ಡ್ರೈವರ್‌ನ ಭುಜಕ್ಕೆ ಜಾಸ್ತಿ ಭಾರ. 2025ರ ಸೆಪ್ಟೆಂಬರ್‌ನಲ್ಲಿ ಲಾರಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ನಿಜ. ಆದರೂ ನಾಲ್ಕೈದು ವರ್ಷ ಓಡಿದ ಗಾಡಿಯಲ್ಲಿ ಕೈ ಪಳಗಲಿ.

ಗಾಡಿ ನೋಡಲು ಹಗಲು ಹೊತ್ತು ಹೋಗಿ, ಒಬ್ಬ ಒಳ್ಳೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ನನ್ನ ಜೊತೆ ಬಂದಿದ್ದ ಮೇಸ್ತ್ರಿ ಹೊಸ ಪೇಂಟು ಹೊಡೆದ ಕ್ಯಾಬಿನ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೆಳಗೆ ನುಗ್ಗಿದರು. “ತಮ್ಮಾ, ಬಣ್ಣ ಆಮೇಲೆ ನೋಡು, ಮೊದಲು ಚಾಸಿ ನೋಡು” ಅಂದರು. ಹಿಂದಿನ ಕಮಾನು ಪಟ್ಟಿ ಕೂರುವ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಆ ಗಾಡಿ ಓವರ್‌ಲೋಡಿನಲ್ಲಿ ದುಡಿದಿದೆ ಅಂತಲೇ ಅರ್ಥ. ಆಮೇಲೆ ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ಅಲ್ಲಿಂದ ಹೊಗೆ ಗುಪ್ಪನೆ ಬಂದರೆ ಪಿಸ್ಟನ್ ಕೆಲಸ ಹತ್ತಿರ ಬಂದಿದೆ. ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ಹಾಕಿದರು. ಟೈರಿನ ತಯಾರಿ ವಾರ, ವರ್ಷ ಪಕ್ಕದಲ್ಲಿ ನಾಲ್ಕು ಅಂಕಿಯಲ್ಲಿ ಇರುತ್ತದೆ. 2322 ಅಂದರೆ 2022ರ 23ನೇ ವಾರ. ಗ್ರಿಪ್ ಚೆನ್ನಾಗಿ ಕಂಡರೂ ತುಂಬಾ ಹಳೆಯ ಟೈರು ಬೇಸಿಗೆಯಲ್ಲಿ ಸಿಡಿಯುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಯಾದರೆ ಹೊಗೆ ಶುದ್ಧ ಮಾಡುವ ಯೂರಿಯಾ ಸಿಸ್ಟಂ ಸರಿ ಇದೆಯಾ ಅಂತ ಸ್ಕ್ಯಾನರ್ ಹಾಕಿಸಿ ನೋಡಿ. ಅದನ್ನು ಬೈಪಾಸ್ ಮಾಡಿದ ಗಾಡಿ ಅಗ್ಗಕ್ಕೆ ಸಿಕ್ಕರೂ ಬೇಡ.

ಕಾಗದ

ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಟ್ಯಾಕ್ಸ್, ಇನ್ಶೂರೆನ್ಸ್, ಪರ್ಮಿಟ್ ಯಾವಾಗ ಮುಗಿಯುತ್ತದೆ, ಫೈನಾನ್ಸ್ ಇದೆಯಾ ಇಲ್ಲವಾ ಎಲ್ಲ ಕಾಣುತ್ತದೆ. ಬಾಕಿ ದಂಡವನ್ನೂ ನೋಡಿ, ಅದು ಗಾಡಿಯ ಜೊತೆ ನಿಮ್ಮ ತಲೆಗೆ ಬರುತ್ತದೆ. ವರ್ಗಾವಣೆಗೆ ಫಾರಂ 29, 30. ಸಾಲ ತೀರಿದ್ದರೆ ಫಾರಂ 35 ಮತ್ತು ಫೈನಾನ್ಸಿನ ಎನ್‌ಒಸಿ. ಗಾಡಿ ಕೆಎ 16 ಆಗಿರಲಿ, 17 ಆಗಿರಲಿ, ಆರ್‌ಟಿಒ ಆಫೀಸಿಗೆ ಒಂದು ಸಲ ನೀವೇ ಹೋಗಿ. ಪೂರ್ತಿ ಏಜೆಂಟರ ಕೈಗೆ ಬಿಟ್ಟರೆ ಯಾವ ಕಾಗದ ಯಾಕೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500 ರೂಪಾಯಿ, ಅದರ ಮೇಲೆ ಅಥರೈಸೇಷನ್ನಿಗೆ 1,000. ಎಫ್‌ಸಿ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಮರೆತರೆ ನಿಮ್ಮ ಗಾಡಿಗೆ ಆದ ಪೆಟ್ಟಿಗೆ ಕ್ಲೇಮ್ ಸಿಗುವುದು ಕಷ್ಟ. ಪಾಲಿಸಿಯಲ್ಲಿ ಮಾಲೀಕ-ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಇದೆಯಾ ನೋಡಿ. ಕ್ಲೀನರ್ ಇದ್ದರೆ ಅವನ ಹೆಸರಿಗೂ ಸ್ವಲ್ಪ ಪ್ರೀಮಿಯಂ ಸೇರಿಸಿ. ಅವನ ತಂದೆ ತಾಯಿ ನಿಮ್ಮನ್ನು ನಂಬಿ ಕಳಿಸಿರುತ್ತಾರೆ.

ಈಗ ಲೆಕ್ಕ

ಇದನ್ನು ನಿಧಾನಕ್ಕೆ ಓದಿ. ಅಂಕಿ ನಿಮ್ಮ ಗಾಡಿಗೆ ತಕ್ಕಂತೆ ಬದಲಾಗುತ್ತದೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

16 ಲಕ್ಷದ ಹಳೆ ಹತ್ತು ಚಕ್ರದ ಗಾಡಿ ಅಂದುಕೊಳ್ಳಿ. 5 ಲಕ್ಷ ನಿಮ್ಮದು, 11 ಲಕ್ಷ ಸಾಲ. ಶೇಕಡಾ 14ರ ಬಡ್ಡಿಗೆ ನಾಲ್ಕು ವರ್ಷ ಅಂದರೆ ತಿಂಗಳ ಕಂತು ಹತ್ತಿರ ಹತ್ತಿರ 30,000. ಇನ್ಶೂರೆನ್ಸನ್ನು ತಿಂಗಳಿಗೆ ಹಂಚಿದರೆ 6,000 ಹಿಡಿಯಿರಿ. ಟ್ಯಾಕ್ಸು, ಪರ್ಮಿಟ್ಟು, ಎಫ್‌ಸಿ ಸೇರಿ 3,500. ಇದರ ಜೊತೆ ನಿಮ್ಮ ಸಂಬಳ 22,000. ಹೌದು, ನಿಮ್ಮದೇ ಸಂಬಳ. ಸ್ವಂತ ಗಾಡಿ ಅಂತ ಅದನ್ನು ಬಿಟ್ಟು ಲೆಕ್ಕ ಹಾಕಿದವರು, ವರ್ಷದ ಕೊನೆಗೆ ಇಷ್ಟು ದುಡಿದರೂ ಏನೂ ಉಳಿಯಲಿಲ್ಲ ಅಂತ ಕೂರುತ್ತಾರೆ. ಮನೆಗೆ ಅಕ್ಕಿ ಬೇಳೆ ಎಲ್ಲಿಂದ ಬರಬೇಕು, ಅಲ್ವಾ?

ಒಟ್ಟು 61,500. 30ರಿಂದ ಭಾಗಿಸಿದರೆ ದಿನಕ್ಕೆ 2,050. ಗಾಡಿ ಒಂದು ಇಂಚು ಅಲುಗಾಡದಿದ್ದರೂ ಬೆಳಗಾದರೆ 2,050 ರೂಪಾಯಿ ಹೋಗುತ್ತದೆ. ಈ ಅಂಕಿಯನ್ನು ನಾನು ಡ್ಯಾಶ್‌ಬೋರ್ಡ್ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ.

ಇನ್ನು ಓಡಿದರೆ ಬರುವ ಖರ್ಚು. ಡೀಸೆಲ್ 90 ರೂಪಾಯಿ ಹಿಡಿಯಿರಿ. ಲೋಡ್ ಗಾಡಿ ಲೀಟರಿಗೆ 4 ಕಿಲೋಮೀಟರ್, ಖಾಲಿ ಗಾಡಿ ಐದೂವರೆ. ಟೈರಿಗೆ ಕಿಲೋಮೀಟರಿಗೆ 3 ರೂಪಾಯಿ, ಆಯಿಲ್, ಗ್ರೀಸ್, ಪಟ್ಟಿ, ಕ್ಲಚ್ಚಿಗೆ 2 ರೂಪಾಯಿ ಎತ್ತಿಡಿ. ಇವತ್ತು ಕೈಯಿಂದ ಹೋಗುವುದಿಲ್ಲ ಅಂತ ಈ ಐದು ರೂಪಾಯಿಯನ್ನು ಬಿಡಬೇಡಿ. ಹತ್ತು ಟೈರು ಒಟ್ಟಿಗೆ ಸವೆದ ದಿನ ಎರಡು ಲಕ್ಷ ಎಲ್ಲಿಂದ ತರುತ್ತೀರಿ?

ದಾವಣಗೆರೆಯಿಂದ ನಾಮಕ್ಕಲ್‌ಗೆ ಮೆಕ್ಕೆಜೋಳ ಸಿಕ್ಕಿತು ಅಂದುಕೊಳ್ಳಿ. ಅಲ್ಲಿ ಕೋಳಿ ಸಾಕಣೆ ಜಾಸ್ತಿ, ಫೀಡಿಗೆ ನಮ್ಮ ಜೋಳ ಬೇಕು. 520 ಕಿಲೋಮೀಟರ್. 18 ಟನ್, ಟನ್ನಿಗೆ 1,500 ಅಂದರೆ 27,000 ಬಾಡಿಗೆ. ಹೋಗುವ ಡೀಸೆಲ್ 11,700. ಖಾಲಿ ಬಂದರೆ ಬರುವ ಡೀಸೆಲ್ 8,500. ಟೈರು, ರಿಪೇರಿ 1,040 ಕಿಲೋಮೀಟರಿಗೆ 5,200. ಟೋಲ್ ಎರಡೂ ಕಡೆ 5,000. ಊಟ, ಹಮಾಲಿ, ಚಿಲ್ಲರೆ 1,500. ಇದು 31,900. ನಾಲ್ಕು ದಿನ ಹಿಡಿದರೆ ನಿಂತ ಗಾಡಿಯ ಖರ್ಚು 8,200. ಒಟ್ಟು 40,100.

27,000ದ ಬಾಡಿಗೆಗೆ 40,100 ಖರ್ಚು! ಕೈಯಲ್ಲಿ ಮುಂಗಡ ಕಂಡು ಹೊರಟವನಿಗೆ ಇದು ಗೊತ್ತೇ ಆಗುವುದಿಲ್ಲ, ಡೀಸೆಲ್ಲು ಟೋಲು ಕಳೆದು ನೋಡಿದರೆ ಜೇಬಿನಲ್ಲಿ ಒಂದಿಷ್ಟು ಉಳಿದ ಹಾಗೇ ಕಾಣುತ್ತದೆ. ರಿಟರ್ನ್ ಲೋಡ್ ಬಂದರೆ ವಾಪಸ್ ಡೀಸೆಲ್ 3,200 ಏರುತ್ತದೆ, ಇನ್ನೊಂದು ದಿನ ಹೋಗುತ್ತದೆ. ಆದ್ದರಿಂದ ರಿಟರ್ನ್ ಬಾಡಿಗೆ 18,350 ಬಂದರೆ ಸಮ, ಅದಕ್ಕಿಂತ ಮೇಲೆ ಬಂದಿದ್ದೇ ಲಾಭ. ಈಗ ಫೋನಿನಲ್ಲಿ ಏಜೆಂಟರು “12,000ಕ್ಕೆ ಹೊಸೂರಿಂದ ಒಂದು ಲೋಡ್ ಇದೆ, ಬರ್ತೀಯಾ” ಅಂದರೆ ಏನು ಹೇಳಬೇಕು ಅಂತ ನಿಮಗೆ ಗೊತ್ತು. ಒಂದು ದಿನ ಕಾದರೆ 2,050 ಹೋಗುತ್ತದೆ. ಕಾದು 18,000 ಮೇಲೆ ಸಿಗುವ ಹಾಗಿದ್ದರೆ ಕಾಯುವುದೇ ಲಾಭ. ಮೂರು ದಿನ ಕಾಯಬೇಕಾದರೆ 12,000ವೇ ಸರಿ ಇರಬಹುದು.

ಲೋಡ್ ಎಲ್ಲಿ, ಯಾವಾಗ

ನಮ್ಮ ಎರಡು ಜಿಲ್ಲೆಯ ಅದೃಷ್ಟ ಅಂದರೆ ರಸ್ತೆ. ಬೆಂಗಳೂರು–ಪುಣೆ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರದ ಮೇಲೇ ಹೋಗುತ್ತದೆ. ಚಿತ್ರದುರ್ಗದಿಂದ ಹೊಸಪೇಟೆ, ಸೊಲ್ಲಾಪುರದ ಕಡೆ ಹೆದ್ದಾರಿ 50 ಹೊರಡುತ್ತದೆ. ಹಿರಿಯೂರಿಂದ ಚಳ್ಳಕೆರೆ ಮೇಲೆ ಬಳ್ಳಾರಿಗೆ ಇನ್ನೊಂದು ದಾರಿ.

ಅಕ್ಟೋಬರ್‌ನಿಂದ ಜನವರಿವರೆಗೆ ಮೆಕ್ಕೆಜೋಳ. ಚಿತ್ರದುರ್ಗದ ಕಡೆ ಮಳೆಗಾಲದ ಈರುಳ್ಳಿ ಅದಕ್ಕೂ ಮುಂಚೆ. ಭದ್ರಾ ನೀರಿನ ಕಡೆ ಭತ್ತ ವರ್ಷಕ್ಕೆ ಎರಡು ಸಲ, ಅಕ್ಕಿ ಗಿರಣಿ ಲೋಡು ಹೆಚ್ಚು ಕಡಿಮೆ ವರ್ಷವಿಡೀ. ಚಳ್ಳಕೆರೆಯ ಶೇಂಗಾ, ಎಣ್ಣೆ. ಚನ್ನಗಿರಿ, ಭೀಮಸಮುದ್ರದ ಅಡಿಕೆ ಉತ್ತರ ಭಾರತಕ್ಕೆ ಹೋಗುತ್ತದೆ, ದೂರದ ಲೋಡು. ಅದರಲ್ಲಿ ಮಾಲಿನ ಬೆಲೆ ಜಾಸ್ತಿ, ಕಾಗದ ಪಕ್ಕಾ ಇರಬೇಕು, ಹೊಸಬರು ಅದಕ್ಕೆ ಕೈ ಹಾಕುವ ಮುಂಚೆ ಒಂದು ವರ್ಷ ಹತ್ತಿರದ ಲೋಡ್ ಮಾಡಿ.

ಒಬ್ಬ ಏಜೆಂಟರನ್ನೇ ನಂಬಿ ಕೂರಬೇಡಿ. ಎರಡು ಮೂರು ಟ್ರಾನ್ಸ್‌ಪೋರ್ಟ್ ಆಫೀಸು, ಒಂದೆರಡು ಗಿರಣಿಯವರು, ಮೊಬೈಲ್ ಆ್ಯಪ್ ಒಂದು. ಆಪ್ತವಾಗಿ ಮಾತಾಡಿ. ಅನ್‌ಲೋಡ್ ಮಾಡಿದ ಊರಿನಲ್ಲೂ ಒಬ್ಬರ ನಂಬರ್ ಇಟ್ಟುಕೊಂಡು, ಹೊರಡುವ ಹಿಂದಿನ ದಿನವೇ ಫೋನ್ ಮಾಡಿ. ತಲುಪಿದ ಮೇಲೆ ಕೇಳಿದರೆ ನಿಮ್ಮ ಅವಸರ ಅವರಿಗೆ ಗೊತ್ತಾಗುತ್ತದೆ, ಬಾಡಿಗೆ ಇಳಿಸುತ್ತಾರೆ.

ಲೋಡ್ ಒಪ್ಪಿಕೊಳ್ಳುವಾಗ

ಒಂದು ನವೆಂಬರ್‌ನಲ್ಲಿ ನಾಮಕ್ಕಲ್ ಹತ್ತಿರದ ಒಂದು ಫೀಡ್ ಗೋಡೌನಿನ ಮುಂದೆ ನಾನು ನಿಂತಿದ್ದೆ. ಚೀಲಕ್ಕೆ ಸೂಜಿ ಚುಚ್ಚಿ ಕಾಳು ತೆಗೆದು ಮಿಷನ್‌ಗೆ ಹಾಕಿದರು. ತೇವ 14 ಇರಬೇಕು, 17 ತೋರಿಸಿತು. ಇಳಿಸುವುದಿಲ್ಲ ಅಂದರು. ಕಳಿಸಿದ ವ್ಯಾಪಾರಿಗೂ ಅವರಿಗೂ ರೇಟಿನ ಮಾತು ಮೂರು ದಿನ ನಡೆಯಿತು. ಏಜೆಂಟರ ಫೋನ್ ಸ್ವಿಚ್ ಆಫ್. ತಪ್ಪು ನನ್ನದಲ್ಲ, ಕಾಳು ನನ್ನದಲ್ಲ, ನಿಂತಿದ್ದು ಮಾತ್ರ ನನ್ನ ಗಾಡಿ.

ಆವತ್ತಿಂದ ನಾನು ಲೋಡ್ ಒಪ್ಪುವ ಮುಂಚೆ ವಾಟ್ಸಾಪಿನಲ್ಲಿ ಮೆಸೇಜ್ ಹಾಕುತ್ತೇನೆ. ಟನ್ನಿಗೆ ಎಷ್ಟು, ಮುಂಗಡ ಎಷ್ಟು, ಬ್ಯಾಲೆನ್ಸ್ ಯಾವ ದಿನ, ಕಮಿಷನ್ ಎಷ್ಟು, ಹಮಾಲಿ ಯಾರದು, ಒಂದು ದಿನಕ್ಕಿಂತ ಜಾಸ್ತಿ ನಿಂತರೆ ಹಾಲ್ಟಿಂಗ್ ದಿನಕ್ಕೆ ಎಷ್ಟು. ಅವರು ‘ಓಕೆ’ ಅಂತ ಹಾಕಿದ ಮೇಲೇ ಗಾಡಿ ಲೋಡಿಂಗಿಗೆ ಬಿಡುವುದು. ಹಾಲ್ಟಿಂಗ್ ನನ್ನ 2,050ಕ್ಕಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲ. ಮುಂಗಡದಲ್ಲಿ ಹೋಗುವ ಡೀಸೆಲ್ಲು, ಟೋಲು ಎರಡೂ ಬರಲೇಬೇಕು. ಮುಖ ಮುರಿದ ಹಾಗೆ ಆಗುತ್ತದೆ ಅಂತ ಸುಮ್ನೆ ಇರಬೇಡಿ, ನಾಲ್ಕು ಸಲ ಕೇಳಿದರೆ ಐದನೇ ಸಲ ಅವರೇ ಹೇಳುತ್ತಾರೆ.

ಲೋಡ್ ಆದ ಮೇಲೆ ಕಾಟಾ ಚೀಟಿಯ (ತೂಕದ ಚೀಟಿ) ಫೋಟೊ ತೆಗೆದುಕೊಳ್ಳಿ. ಚೀಲ ಎಣಿಸಿ. ಇಲ್ಲದಿದ್ದರೆ ಆಚೆ ಕಡೆ ಶಾರ್ಟೇಜ್ ಅಂತ ನಿಮ್ಮ ಬಾಡಿಗೆಯಲ್ಲೇ ಮುರಿಯುತ್ತಾರೆ. ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಚೀಟಿ) ಬೇಕು, ಅದರಲ್ಲಿ ನಿಮ್ಮ ಗಾಡಿ ನಂಬರ್ ಸರಿ ಇದೆಯಾ ನೋಡಿ. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಇರುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ 8 ಗಂಟೆ ನಂತರದವರೆಗೆ ಅದನ್ನು ಮುಂದುವರಿಸಬಹುದು. ತಕ್ಷಣ ಫೋನ್ ಮಾಡಿ ತಿಳಿಸಿ.

ಓವರ್‌ಲೋಡ್ ಬಗ್ಗೆ ಒಂದೇ ಮಾತು, ಲೆಕ್ಕದ ಮಾತು. ನಾಲ್ಕು ಟನ್ ಜಾಸ್ತಿ ಹಾಕಿದರೆ ಮೇಲಿನ ರೇಟಿನಲ್ಲಿ 6,000 ಸಿಗುತ್ತದೆ. ಸಿಕ್ಕಿಬಿದ್ದರೆ ಕಾಯ್ದೆಯ ಪ್ರಕಾರ ದಂಡ 20,000, ಅದರ ಮೇಲೆ ಟನ್ನಿಗೆ 2,000. ಅಂದರೆ 28,000, ಜೊತೆಗೆ ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ಪಟ್ಟಿ, ಟೈರು, ಬ್ರೇಕ್ ಲೈನರ್ ಬೇರೆ.

ರಸ್ತೆಯಲ್ಲಿ

ರಾತ್ರಿ ಎರಡರಿಂದ ಐದರವರೆಗೆ ನಾನು ಓಡಿಸುವುದಿಲ್ಲ. ಎಷ್ಟೇ ಅವಸರದ ಲೋಡ್ ಆಗಲಿ, ಬಂಕಿನಲ್ಲಿ ಗಾಡಿ ಹಾಕಿ ಮಲಗುತ್ತೇನೆ. ಸಂಬಳದ ಡ್ರೈವರ್‌ಗೆ ದಿನಕ್ಕೆ 8 ಗಂಟೆ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಅಂತ 2025ರವರೆಗೆ 1961ರ ಕಾಯ್ದೆಯೇ ಇತ್ತು. ನಮಗೆ ನಾವೇ ಮಾಲೀಕರಾದ ಮೇಲೆ ಅದನ್ನು ಕೇಳುವವರು ಇಲ್ಲ, ಹೆಂಡತಿ ಮಕ್ಕಳನ್ನು ಬಿಟ್ಟರೆ. ಹೆದ್ದಾರಿ ಬದಿಯಲ್ಲಿ ಕತ್ತಲಲ್ಲಿ ಗಾಡಿ ನಿಲ್ಲಿಸಬೇಡಿ. ಕೆಟ್ಟು ನಿಂತರೆ ಮೊದಲು ಹಿಂದೆ ದೂರದಲ್ಲಿ ತ್ರಿಕೋನ ಇಡಿ, ಆಮೇಲೆ ಮೇಸ್ತ್ರಿಗೆ ಫೋನು. ಹಿಂದಿನ ರಿಫ್ಲೆಕ್ಟರ್ ಟೇಪನ್ನು ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ, ಧೂಳು ಹಿಡಿದರೆ ಅದು ಇದ್ದೂ ಇಲ್ಲದ ಹಾಗೆ.

ದುಡ್ಡು ಬಂದ ಮೇಲೆ

ಎರಡು ಬ್ಯಾಂಕ್ ಖಾತೆ ಇಡಿ. ಬಾಡಿಗೆ ಎಲ್ಲ ಒಂದಕ್ಕೇ ಬರಲಿ. ಪ್ರತಿ ಟ್ರಿಪ್ ಮುಗಿದ ದಿನವೇ ಟೈರು, ರಿಪೇರಿಯ ಐದು ರೂಪಾಯಿ ಲೆಕ್ಕ, ಇನ್ಶೂರೆನ್ಸಿನ ಪಾಲು ಎರಡನೆಯ ಖಾತೆಗೆ ಹಾಕಿ. ಆ ಖಾತೆಯ ಎಟಿಎಂ ಕಾರ್ಡನ್ನು ನನ್ನ ಹೆಂಡತಿ ಇಟ್ಟುಕೊಂಡಿದ್ದಾಳೆ. ಮದುವೆ ಬರಲಿ, ಜಾತ್ರೆ ಬರಲಿ, ಅದನ್ನು ಮುಟ್ಟುವ ಹಾಗಿಲ್ಲ.

ತೆರಿಗೆಗೆ ಹೆದರಬೇಡಿ. 10 ಗಾಡಿಯವರೆಗೆ ಇರುವವರಿಗೆ ಸರಳ ಲೆಕ್ಕ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಂ ಅಂದರೆ ಆಡಿಟರಿಗೆ ಗೊತ್ತಾಗುತ್ತದೆ. 12 ಟನ್ ಮೀರಿದ ಗಾಡಿಗೆ ಟನ್ನಿಗೆ ತಿಂಗಳಿಗೆ 1,000 ಆದಾಯ ಅಂತ ಹಿಡಿಯುತ್ತಾರೆ. ಲೋಡ್ ಸೇರಿ ಒಟ್ಟು 28 ಟನ್ನಿನ ಗಾಡಿಗೆ ವರ್ಷಕ್ಕೆ 3,36,000. ರಿಟರ್ನ್ಸ್ ಹಾಕಿದ್ದರೆ ಮುಂದಿನ ಸಾಲಕ್ಕೆ ಬ್ಯಾಂಕಿನವರು ಕೂರಿಸಿ ಮಾತಾಡುತ್ತಾರೆ. ಪ್ಯಾನ್ ಜೊತೆ ಒಂದು ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಕೂಡ ಮುರಿಯುವುದಿಲ್ಲ. ಸಣ್ಣ ಉದ್ಯಮದವರಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದನ್ನೂ ಮಾಡಿಸಿ. 45 ದಿನ ದಾಟಿ ಬಾಕಿ ಉಳಿಸಿಕೊಂಡವರ ಮೇಲೆ ದೂರು ಕೊಡಲು ದಾರಿ ಇರುತ್ತದೆ.

ಲೋಡ್ ಇಲ್ಲದ ತಿಂಗಳು

ಜೂನ್, ಜುಲೈ ನಮ್ಮ ಕಡೆ ತಣ್ಣಗೆ. ಹೊಲದಲ್ಲಿ ಬಿತ್ತನೆ, ಮಾರ್ಕೆಟ್ಟಿನಲ್ಲಿ ಮಾಲಿಲ್ಲ. ಕಂತು ಮಾತ್ರ ಅದೇ ತಾರೀಖಿಗೆ ಬರುತ್ತದೆ. ಅದಕ್ಕೆ ಜೋಳದ ಸೀಸನ್ನಿನಲ್ಲೇ ಎರಡು ಕಂತಿನ ದುಡ್ಡು ಬೇರೆ ಇಡಬೇಕು, ಅಂದರೆ 60,000. ನನಗೆ ಮೊದಲ ವರ್ಷ ಆಗಲಿಲ್ಲ, ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ. ಎರಡನೇ ವರ್ಷ ಆಯಿತು.

ಹೇಗೂ ನಿಲ್ಲುವ ಗಾಡಿ ಅಂತ ಎಫ್‌ಸಿ ಕೆಲಸವನ್ನು ಆ ತಿಂಗಳಿಗೇ ಹೊಂದಿಸಿಕೊಂಡಿದ್ದೇನೆ. ಪಟ್ಟಿ ಬಿಚ್ಚಿಸಿ ಜೋಡಿಸುವುದು, ಬ್ರೇಕ್ ಲೈನರ್, ಬಾಡಿಯ ಹಲಗೆ, ಪೇಂಟು, ತಾಡಪಾಲಿನ ತೂತಿಗೆ ತೇಪೆ, ಎಲ್ಲ ಆಗಲೇ. ಗ್ಯಾರೇಜಿನವರಿಗೂ ಆಗ ಕೆಲಸ ಕಡಿಮೆ, ರೇಟಿನಲ್ಲಿ ಸ್ವಲ್ಪ ಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಮೊದಲ ಜೋಳ ಮಾರ್ಕೆಟ್ಟಿಗೆ ಬಂದ ದಿನ ಗಾಡಿ ಕಾಟಾದ ಮುಂದೆ ರೆಡಿ ನಿಂತಿರಬೇಕು. ಆ ವಾರ ಗ್ಯಾರೇಜಿನಲ್ಲಿ ನಿಂತ ಗಾಡಿಗೆ ಹೋಗುವುದು ಬರೀ 2,050 ಅಲ್ಲ.